ಹಿಟ್ಟು ಹತ್ತಿದ ಕಾಯಿ

ನಮ್ಮೂರ ಬಾವಿಕಟ್ಟೆಯ ಹತ್ತಿರ ಲಾರಿ ಬಂದು ನಿಂತ ದಿನ ಗುಡ್ಡದ ಮೇಲಿನ ಸೀತಾಫಲ ಒಂದೂ ಕಣ್ಣು ಬಿಟ್ಟಿರಲಿಲ್ಲ. ಅದು ಊರಲ್ಲಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಒಬ್ಬಳು ಉಚ್ಚಂಗೆಮ್ಮಜ್ಜಿ, ಇನ್ನೊಬ್ಬಳು ನಾನು. ಅಜ್ಜಿ ಹೇಳುವ ಹಾಗಿರಲಿಲ್ಲ. ನಾನು ಎಂದೂ ನಾಲ್ಕು ಜನರ ಮುಂದೆ ಬಾಯಿ ತೆರೆದವಳಲ್ಲ.

ಕಣ್ಣು ಬಿಡುವುದೆಂದರೆ ಹೀಗೆ. ಎಳೆಯ ಸೀತಾಫಲದ ಮೈಮೇಲಿನ ಉಬ್ಬುಗಳು ಒಂದಕ್ಕೊಂದು ಒತ್ತಿಕೊಂಡು ಕಡುಹಸಿರಾಗಿರುತ್ತವೆ. ಒಳಗೆ ತಿರುಳು ಬಲಿಯುತ್ತಾ ಬಂದ ಹಾಗೆ ಉಬ್ಬುಗಳು ದೂರ ಸರಿಯುತ್ತವೆ, ನಡುವಿನ ಸಂದು ಅಗಲವಾಗಿ ಕೆನೆಯ ಬಣ್ಣಕ್ಕೆ ತಿರುಗುತ್ತದೆ. ಆಗ ಕಿತ್ತು ಹುಲ್ಲಿನಲ್ಲಿ ಮುಚ್ಚಿಟ್ಟರೆ ಮೂರನೆಯ ದಿನಕ್ಕೆ ಹಣ್ಣು. ಅದಕ್ಕೂ ಮೊದಲು ಕಿತ್ತದ್ದನ್ನು ತಿಂಗಳು ಮುಚ್ಚಿಟ್ಟರೂ ಹಣ್ಣಾಗುವುದಿಲ್ಲ. ಕರ್ರಗಾಗುತ್ತದೆ, ಒಣಗುತ್ತದೆ, ಕಲ್ಲಾಗುತ್ತದೆ.

ನಮ್ಮೂರು ಕೂಡ್ಲಿಗಿಯಿಂದ ಉಜ್ಜಿನಿಗೆ ಹೋಗುವ ದಾರಿಯಿಂದ ಒಳಗೆ ಎರಡು ಮೈಲಿ. ಗುಡ್ಡ ಯಾರದ್ದೂ ಅಲ್ಲ. ಆ ಗಿಡಗಳನ್ನು ಯಾರೂ ನೆಟ್ಟಿಲ್ಲ, ಯಾರೂ ನೀರು ಹಾಕಿಲ್ಲ. ಬಂಡೆಯ ಸಂದಿನಲ್ಲಿ ತಾವೇ ಹುಟ್ಟಿ, ದನ ಮುಟ್ಟದ ಎಲೆ ಹೊತ್ತುಕೊಂಡು ತಾವೇ ಬೆಳೆದವು. ಆದರೆ ಕೀಳುವುದಕ್ಕೆ ಒಂದು ಕಟ್ಟಳೆ ಇದೆ. ಕಣ್ಣು ನೋಡುವಾಕಿ ಎಂದು ಊರಿಗೆ ಒಬ್ಬ ಹೆಂಗಸು ಇರುತ್ತಾಳೆ. ಅವಳು ಗುಡ್ಡ ಹತ್ತಿ ನೋಡಿ ಬಂದು, ಬುಡದ ಹಾಸುಗಲ್ಲಿನ ಮೇಲೆ ಒಂದು ಕಾಯಿ ಒಡೆದು 'ಗುಡ್ಡ ಬಿಟ್ಟಿತು' ಎಂದ ಮೇಲೆಯೇ ಉಳಿದವರು ಬುಟ್ಟಿ ಎತ್ತಬೇಕು. ಎತ್ತಿದ ಮೇಲೆ ಮಾತ್ರ ತಡೆಯಿಲ್ಲ. ನೀನು ಬಿಟ್ಟದ್ದನ್ನು ನಿನ್ನ ಹಿಂದಿನವಳು ಕೀಳುತ್ತಾಳೆ. ನಾಲ್ಕು ದಿನದಲ್ಲಿ ಗುಡ್ಡ ಬೋಳು. ಹಾಗಾಗಿ ದಿನ ತಪ್ಪಿದರೆ ಇಡೀ ವರ್ಷ ತಪ್ಪಿದ ಹಾಗೆ.

ಮೂವತ್ತು ವರ್ಷದಿಂದ ಕಣ್ಣು ನೋಡುವಾಕಿ ಉಚ್ಚಂಗೆಮ್ಮಜ್ಜಿ. ನಮ್ಮ ಮನೆಯ ಹಿಂದಿನ ಮನೆ ಅವಳದು, ಒಬ್ಬಳೇ ಇರುತ್ತಾಳೆ. ಎರಡು ವರ್ಷದ ಹಿಂದೆ ಒಂದು ಬೆಳಿಗ್ಗೆ ನನ್ನನ್ನು ಕರೆದು, "ಸುಕನ್ಯಾ, ಗುಡ್ಡಕ್ಕ ಬರ್ತೀಯೇನ? ಕಾಲು ತೊಡರ್ತಾವ," ಎಂದಳು. ಮೇಲೆ ಹೋದ ಮೇಲೆ ಒಂದು ಕಾಯಿ ಹಿಡಿದುಕೊಂಡು ಕೇಳಿದಳು.

"ಇದರ ಸಂದು ಎಂಥಾ ಬಣ್ಣ ಐತಿ?"

"ಹಸರ ಐತಿ ಅಜ್ಜಿ. ಅಂಚಿಗೆ ಸ್ವಲ್ಪ ಬಿಳುಪು."

"ಎಷ್ಟು ಅಗಲ?"

"ಒಂದು ಸಜ್ಜಿಕಾಳು ಹಿಡಸ್ತತಿ."

"ಹಂಗಾದ್ರ ಇನ್ನೂ ಎಂಟು ದಿನ."

ಅವಳ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಇಳಿದು ಬರುವಾಗ ನನ್ನ ಹೆಗಲು ಹಿಡಿದುಕೊಂಡು ಹೇಳಿದಳು. "ಯಾರ ಮುಂದೂ ಅನ್ನಬ್ಯಾಡ. ಮುದುಕಿಗೆ ಕಾಣ್ಸಲ್ಲ ಅಂತ ತಿಳದ್ರ ಇವರು ಮನಿಗೊಬ್ಬರು ಗುಡ್ಡ ಬಿಟ್ಟಿತು ಅಂತಾರ."

ಗುಟ್ಟು ಕಾಯುವುದು ನನಗೆ ಕಷ್ಟವಲ್ಲ. ನಾನು ಶಾಲೆ ಬಿಟ್ಟದ್ದೇ ಮಾತಿನ ಕಾರಣಕ್ಕೆ. ಆರನೆಯ ತರಗತಿಯಲ್ಲಿ ಎದ್ದು ನಿಂತು ಪಾಠ ಓದು ಎಂದರೆ ಅಕ್ಷರ ಎಲ್ಲ ಕಾಣುತ್ತಿದ್ದವು, ದನಿ ಮಾತ್ರ ಬರುತ್ತಿರಲಿಲ್ಲ. ಮೇಷ್ಟ್ರು ದಿನಾ ನಿಲ್ಲಿಸಿದರು. ಒಂದು ದಿನ ಹೋಗಲಿಲ್ಲ, ಮರುದಿನ ಕಳೆ ಕೀಳಲು ಕರೆದರು, ಹೋದೆ. ಅಲ್ಲಿಗೆ ಮುಗಿಯಿತು. ಮಾತಾಡದವಳಿಗೆ ನೋಡಲು ಬಹಳ ಹೊತ್ತು ಸಿಗುತ್ತದೆ. ಎರಡು ವರ್ಷ ಅಜ್ಜಿಯ ಬದಲು ನಾನೇ ನೋಡಿದೆ. ಎರಡೂ ವರ್ಷ ಒಂದು ಕಾಯಿಯೂ ಕಲ್ಲಾಗಲಿಲ್ಲ.

ಈ ವರ್ಷ ಲಾರಿಯನ್ನು ಗೊತ್ತು ಮಾಡಿದವನು ನನ್ನ ಅಣ್ಣ ಗುರುಶಾಂತ. ಅಪ್ಪ ತೀರಿಕೊಂಡಾಗಿನಿಂದ ಮನೆ ನಡೆಸುವವನು ಅವನೇ. ಹರಪನಹಳ್ಳಿಯಲ್ಲಿ ಮೆಕ್ಕೆಜೋಳದ ಮೂಟೆ ಹೊರುವಾಗ ಅವನಿಗೆ ಹಣ್ಣಿನ ವ್ಯಾಪಾರಿ ಖಾಜಾಸಾಬರ ಪರಿಚಯವಾಗಿತ್ತು. ಹೆಂಗಸರು ಬುಟ್ಟಿ ಹೊತ್ತು ರಸ್ತೆಗೆ ನಡೆದು, ಬಸ್ಸಿನ ಮೇಲೆ ಹಾಕಲು ಕಂಡಕ್ಟರನ ಕೈಲಿ ಬೈಸಿಕೊಂಡು, ಕೂಡ್ಲಿಗಿ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿ ಕಿಟಕಿಗೂ ಓಡಾಡುವುದು ಅವನಿಗೆ ಸೇರುತ್ತಿರಲಿಲ್ಲ. ಲಾರಿ ಊರಿಗೇ ಬಂದು ತುಂಬಿಕೊಂಡು ಹೋಗಲಿ ಎಂಬುದು ಅವನ ಆಸೆ. ಅದರಲ್ಲಿ ತಪ್ಪಿರಲಿಲ್ಲ. ಆದರೆ ಖಾಜಾಸಾಬರಿಗೆ ಬೇರೆ ಗುಡ್ಡಗಳ ಹಣ್ಣು ಬರುವ ಮೊದಲೇ ಬೇಕಾಗಿತ್ತು. ಗಣಪ್ಪನನ್ನು ನೀರಿಗೆ ಬಿಟ್ಟ ಎಂಟನೆಯ ದಿನ ಸೋಮವಾರ, ಅವತ್ತು ಬನ್ನಿ ಎಂದು ಅಣ್ಣ ಮಾತು ಕೊಟ್ಟುಬಿಟ್ಟ.

ಶನಿವಾರ ತಾನೇ ಗುಡ್ಡಕ್ಕೆ ಹೋದ. ನಾನು ಬೇರೆಯವರ ಶೇಂಗಾ ಹೊಲದಲ್ಲಿದ್ದೆ. ಒಂದು ಕಾಯಿ ಕಿತ್ತು ತಂದು ಅಜ್ಜಿಯ ಕೈಗೆ ಕೊಟ್ಟು, "ಬಿಟ್ಟಾವ ಅಜ್ಜಿ. ಸಂದಿನಾಗ ಎಲ್ಲಾ ಬೆಳ್ಳಗ ಅದಾವ," ಎಂದನಂತೆ. ಅಜ್ಜಿ, "ಬೆಳ್ಳಗಾ? ಖರೇನ?" ಎಂದು ಎರಡು ಸಲ ಕೇಳಿದಳಂತೆ. "ಬೇಕಾದ್ರ ನೀನ ನೋಡು," ಎಂದನಂತೆ ಅವನು. ಆಗ ಅಜ್ಜಿ ನೋಡಿದ ಹಾಗೆ ಮಾಡಿ, "ಹೌದಪಾ, ಬಿಟ್ಟಾವ. ಸೋಮವಾರ ಒಡಿಯಾನ," ಎಂದಳಂತೆ.

ಭಾನುವಾರ ನಸುಕಿನಲ್ಲಿ ನಾನು ಗುಡ್ಡ ಹತ್ತಿದೆ. ಸಂದುಗಳು ಬೆಳ್ಳಗಿದ್ದದ್ದು ನಿಜ. ಆದರೆ ಕಾಯಿಯ ಮೇಲೆ ಕಪ್ಪಿರುವೆ ಸಾಲಾಗಿ ಓಡಾಡುತ್ತಿದ್ದವು. ಇರುವೆ ಯಾಕೆ ಬಂದವು ಎಂದು ಹತ್ತಿರ ನೋಡಿದೆ. ಹಿಟ್ಟಿನ ಹುಳ. ಮಳೆ ತಪ್ಪಿ ಬಿಸಿಲು ಬಿದ್ದ ವರ್ಷ ಈ ಹುಳ ಸಂದಿನಲ್ಲಿ ಕೂತು, ಮೈಮೇಲೆ ಜೋಳದ ಹಿಟ್ಟು ಉದುರಿಸಿದಂತೆ ಕಾಣುತ್ತದೆ. ಹೆಬ್ಬೆರಳಿನಿಂದ ಒರೆಸಿದರೆ ಅಂಟಂಟಾಗಿ ಬಂತು. ಕೆಳಗೆ ಸಂದು ಹಸಿರಾಗಿಯೇ ಇತ್ತು, ಕೂದಲೆಳೆಯಷ್ಟು. ಹದಿನೈದು ಗಿಡ ನೋಡಿದೆ. ಎಲ್ಲವೂ ಹಾಗೇ.

ಅಜ್ಜಿಗೆ ಹೋಗಿ ಹೇಳಿದೆ. ಅವಳು ಹಾಸಿಗೆಯ ಅಂಚು ತಿರುವುತ್ತಾ ಕೂತಳು.

"ಕೈಯಾಗ ಹಿಡದಾಗ ಗೊತ್ತಾಗ್ಬೇಕಿತ್ತು ನನಗ. ಬೆರಳು ಸತ್ತಾವ."

"ಈಗ ಹೇಳಿಬಿಡಜ್ಜಿ. ಇನ್ನೂ ಬಿಟ್ಟಿಲ್ಲ ಅನ್ನು."

"ಯಾಕ ತಪ್ಪಿದಿ ಅಂದ್ರ ಏನಂತ ಹೇಳ್ಲಿ? ಕುಲ್ಡಿ ಅದೀನಿ ಅಂತ ಹೇಳ್ಲಾ?" ಎಂದಳು. ಆಮೇಲೆ, "ಒಂದು ವರ್ಷ ಹೋದ್ರ ಹೋಗ್ಲಿ ಬಿಡವ್ವ. ನೀನು ಸುಮ್ಮನಿರು. ನಿನಗ ರೂಢಿನ ಐತೆಲ್ಲ," ಎಂದಳು.

ಆ ಕಡೆಯ ಮಾತು ನನಗೆ ನಾಟಿತು.

ಸೋಮವಾರ ಲಾರಿ ಬಂತು. ಬುಟ್ಟಿ, ಚೀಲ ಹಿಡಿದು ನಲವತ್ತು ಹೆಂಗಸರು ಹಾಸುಗಲ್ಲಿನ ಸುತ್ತ ಸೇರಿದರು. ಖಾಜಾಸಾಬರು ಬಿಳಿ ಟೋಪಿ ಹಾಕಿಕೊಂಡು ನೆರಳಲ್ಲಿ ನಿಂತಿದ್ದರು. ನಮ್ಮ ಓಣಿಯ ಜಂಬಕ್ಕ ಅವರನ್ನು ಕೆಣಕುತ್ತಿದ್ದಳು.

"ಸಾಬ್ರ, ಲಾರಿ ಮ್ಯಾಲ ನಾವೂ ಬರ್ತೀವಿ, ದಾವಣಗೆರಿ ತೋರಿಸ್ರಿ."

"ಬರ್ರಿ ಅಮ್ಮಾ. ಆದ್ರ ನಿಮ್ಮನ್ನ ತೂಕಕ್ಕ ಹಾಕಿದ್ರ ಹಣ್ಣಿಗೆ ಜಾಗ ಇರಂಗಿಲ್ಲ."

ಎಲ್ಲರೂ ನಕ್ಕರು. ಅಣ್ಣ ಹೊಸ ಅಂಗಿ ಹಾಕಿದ್ದ. ಅವನು ಅಜ್ಜಿಯ ಕೈ ಹಿಡಿದು ಕಲ್ಲಿನ ಬಳಿ ಕೂರಿಸಿದ. ಒಡೆಯಲೆಂದು ಅವನು ಬುಟ್ಟಿಯಲ್ಲಿ ತಂದಿದ್ದ ಎರಡು ಮೂರು ಕಾಯಿಗಳಲ್ಲಿ ಒಂದನ್ನು ಅಜ್ಜಿ ಎತ್ತಿದಳು.

"ಬಿಟ್ಟಿಲ್ಲ," ಎಂದೆ.

ಯಾರಿಗೂ ಕೇಳಿಸಲಿಲ್ಲ. ನನಗೇ ಸರಿಯಾಗಿ ಕೇಳಿಸಲಿಲ್ಲ. ಮತ್ತೆ ಹೇಳಿದೆ. "ಇನ್ನೂ ಕಣ್ಣು ಬಿಟ್ಟಿಲ್ಲ."

ನಗು ನಿಂತಿತು. ಜಂಬಕ್ಕ ತಿರುಗಿ ನೋಡಿ, "ನಾಗಕ್ಕ, ನಿನ್ನ ಮಗಳಿಗೆ ನಾಲಿಗಿ ಐತಲ್ಲವ್ವ," ಎಂದಳು. ನಾಗಕ್ಕ ಎಂದರೆ ನನ್ನ ಅವ್ವ. ಅವಳು ನನ್ನ ರೆಟ್ಟೆ ಚಿವುಟಿದಳು.

"ಏನಂದಿ?" ಅಣ್ಣ ಕೇಳಿದ.

ನಾನು ಮುಂದೆ ಹೋಗಿ ಅವನ ಬುಟ್ಟಿಯಲ್ಲಿದ್ದ ಇನ್ನೊಂದು ಕಾಯಿ ತೆಗೆದುಕೊಂಡು ಹೆಬ್ಬೆರಳಿನಿಂದ ಸಂದು ಒರೆಸಿ ತೋರಿಸಿದೆ. "ಇದು ಹಿಟ್ಟು ಅಣ್ಣ. ಹುಳದ ಹಿಟ್ಟು. ಕೆಳಗ ನೋಡು, ಹಸರ."

ಅವನು ನೋಡಿದ. ಅವನ ಮುಖ ಒಂದು ಗಳಿಗೆ ಸಡಿಲವಾಯಿತು. ಅವನಿಗೆ ತಿಳಿಯಿತು ಎಂದು ನನಗೆ ತಿಳಿಯಿತು. ಆದರೆ ಅವನ ಹಿಂದೆ ಲಾರಿ ಇತ್ತು.

"ಒಂದು ಕಾಯಿಗೆ ಹಿಟ್ಟು ಹತ್ತಿದ್ರ ಗುಡ್ಡಕ್ಕೆಲ್ಲ ಹತ್ತಿತೇನು? ಅಜ್ಜಿ ನೋಡ್ಯಾಳ. ಮೂವತ್ತು ವರ್ಷ ನೋಡಿದಾಕಿ ದೊಡ್ಡಾಕ್ಯೋ, ನಿನ್ನೆ ಮೊನ್ನೆ ಹುಟ್ಟಿದಾಕಿ ನೀನು ದೊಡ್ಡಾಕ್ಯೋ?"

ಅಜ್ಜಿ ಯಾರ ಕಡೆಯೂ ಮುಖ ಮಾಡಲಿಲ್ಲ. ಕಾಯಿಯನ್ನು ಕಲ್ಲಿಗೆ ಬಡಿದಳು. ಅದು ಒಡೆಯಲಿಲ್ಲ. ಮತ್ತೆ ಬಡಿದಳು. ಮೂರನೆಯ ಸಲಕ್ಕೆ ಎರಡು ಹೋಳಾಯಿತು. ಒಂದನ್ನು ಕಲ್ಲಿನ ಮೇಲೆಯೇ ಗುಡ್ಡದ ಕಡೆಗೆ ಇಟ್ಟು, ಇನ್ನೊಂದರ ತಿರುಳನ್ನು ಕಟ್ಟಳೆಯಂತೆ ಕಿತ್ತು ಬಾಯಿಗೆ ಹಾಕಿಕೊಂಡಳು. ಅಗಿದಳು. ಬಲಿತ ಸೀತಾಫಲದ ಬೀಜ ಹಲ್ಲಿಗೆ ಬಗ್ಗುವುದಿಲ್ಲ. ಅಜ್ಜಿಯ ಬೋಳು ಒಸಡಿನಲ್ಲೇ ಬೀಜ ಕಚಕ್ಕೆಂದು ಜಜ್ಜಿಹೋದದ್ದು ನನಗೆ ಕೇಳಿಸಿತು. ಅವಳು ನುಂಗಿದಳು.

"ಗುಡ್ಡ ಬಿಟ್ಟಿತು," ಎಂದಳು. ಬಹಳ ಸಣ್ಣ ದನಿ.

ಹೆಂಗಸರು ಬುಟ್ಟಿ ಎತ್ತಿಕೊಂಡರು.

ಹಾಸುಗಲ್ಲು ದಾಟಿದ ಮೇಲೆ ಗುಡ್ಡಕ್ಕೆ ಹತ್ತುವ ದಾರಿ ಎರಡು ಬಂಡೆಗಳ ನಡುವೆ ಹೋಗುತ್ತದೆ. ಒಬ್ಬರು ಬುಟ್ಟಿ ಹೊತ್ತು ಹೋಗುವಷ್ಟೇ ಜಾಗ. ನಾನು ಓಡಿಹೋಗಿ ಅಲ್ಲಿ ಕಾಲು ಚಾಚಿ ಕೂತೆ. ಮೊದಲೇ ಯೋಚನೆ ಮಾಡಿದ್ದಲ್ಲ.

ಮುಂದೆ ಬಂದವಳು ಜಂಬಕ್ಕನೇ. "ಏಳವ್ವ, ದಾರಿ ಬಿಡು."

"ಇಲ್ಲ ಅತ್ತಿ."

"ದಾಟಿ ಹೋಗ್ಲೇನ? ದಾಟಿದ್ರ ನೀನು ಬೆಳಿಯಾದಿಲ್ಲ. ಮೊದಲ ಗಿಡ್ಡಿ ಅದೀಯ."

"ದಾಟ್ರಿ."

ಅವಳು ದಾಟಲಿಲ್ಲ. ಮದುವೆಯಾಗದ ಹುಡುಗಿಯನ್ನು ದಾಟುವುದು ನಮ್ಮಲ್ಲಿ ಯಾರಿಗೂ ಆಗದು. ಅವಳ ಹಿಂದೆ ಸಾಲು ಬೆಳೆಯಿತು. ಅವ್ವ ಬಂದು ಕೂಗಿದಳು. "ಮಾನ ಕಳೀಬ್ಯಾಡ, ಏಳು. ನಾಳೆ ನಿನ್ನ ಕೇಳಾಕ ಬಂದವರಿಗೆ ಏನ್ ಹೇಳ್ಲಿ ನಾನು?"

"ಕಣ್ಣು ಬಿಟ್ಟಿಲ್ಲ ಅಂತ ಹೇಳವ್ವ," ಎಂದೆ. ಯಾಕೆ ಹಾಗೆ ಅಂದೆನೋ ಗೊತ್ತಿಲ್ಲ. ಹಿಂದೆ ಯಾರೋ ಕಿಸಕ್ಕೆಂದು ನಕ್ಕರು.

ಅಣ್ಣ ಬಂದು ರೆಟ್ಟೆ ಹಿಡಿದು ಎಳೆದು ಪಕ್ಕಕ್ಕೆ ಹಾಕಿದ. ಅವನು ಕೈ ಬಿಟ್ಟ ಕೂಡಲೇ ಹೋಗಿ ಮತ್ತೆ ಕೂತೆ. ಮತ್ತೆ ಎಳೆದ. ಮೊಣಕೈ ಬಂಡೆಗೆ ಉಜ್ಜಿ ಚರ್ಮ ಎದ್ದಿತು. ಮತ್ತೆ ಕೂತೆ. ಮೂರನೆಯ ಸಲ ಅವನು ಎಳೆಯಲಿಲ್ಲ, ನನ್ನ ಮುಂದೆ ಕುಕ್ಕರಗಾಲಲ್ಲಿ ಕೂತು ಹಲ್ಲು ಕಚ್ಚಿ ಮಾತಾಡಿದ.

"ಸುಕಿ, ನಾನು ಮಾತು ಕೊಟ್ಟೀನಿ. ಆ ಮನಿಷ್ಯ ಡೀಜಲ್ ಸುಟ್ಕೊಂಡು ಬಂದಾನ. ಅಜ್ಜಿ ಬಿಟ್ಟಿತು ಅಂದಾಳ. ಬಿಟ್ಟಿಲ್ಲ ಅನ್ನಾಕ ನೀನು ಯಾರು?"

ಉತ್ತರ ನನ್ನ ಬಾಯಲ್ಲೇ ಇತ್ತು. ಎರಡು ವರ್ಷ ನೋಡಿದವಳು ನಾನು, ಅಜ್ಜಿಗೆ ಕಣ್ಣಿಲ್ಲ ಎಂದರೆ ಸಾಕಿತ್ತು. ಅಜ್ಜಿ ಕಲ್ಲಿನ ಹತ್ತಿರ ಒಬ್ಬಳೇ ಕೂತಿದ್ದಳು. ಮುಖ ನಮ್ಮ ಕಡೆ ಇತ್ತು, ಆದರೆ ಸ್ವಲ್ಪ ಪಕ್ಕಕ್ಕೆ, ನಾವಿಲ್ಲದ ಕಡೆಗೆ ನೋಡುತ್ತಿದ್ದಳು. ನನಗೆ ಹೇಳಲಾಗಲಿಲ್ಲ.

"ನಾನು ಯಾರೂ ಅಲ್ಲ," ಎಂದೆ. "ಕಲ್ಲಿನ ಮ್ಯಾಲ ಇನ್ನೊಂದು ಹೋಳು ಐತಿ. ಅದರ ಬೀಜ ನೋಡ್ರಿ ಎಲ್ಲಾರೂ."

ಜಂಬಕ್ಕ ಹಿಂದಕ್ಕೆ ಹೋಗಿ ಹೋಳನ್ನು ಎತ್ತಿಕೊಂಡು ಬಂದಳು. ಬೀಜಗಳು ಕಪ್ಪಾಗಿರಲಿಲ್ಲ. ಹಾಲುಹಲ್ಲಿನ ಬಣ್ಣ. ಉಗುರಿನಿಂದ ಒತ್ತಿದಳು, ನೀರು ಬಂತು. ಹೋಳು ಕೈಯಿಂದ ಕೈಗೆ ಹೋಯಿತು.

ಖಾಜಾಸಾಬರು ಮೇಲೆ ಬಂದರು. ಅವರ ದನಿಯಲ್ಲಿ ಕೋಪ ಇರಲಿಲ್ಲ. "ಬೀಜ ಯಾರು ನೋಡ್ತಾರ ಅಮ್ಮಾ? ಹಣ್ಣು ಮಾಡೋ ಪುಡಿ ಹಾಕಿದ್ರ ಎರಡು ದಿನಕ್ಕ ಮೆತ್ತಗಾಗ್ತಾವ. ನನಗ ನಡೀತೈತಿ."

"ಮೆತ್ತಗಾಗ್ತಾವ ಸಾಬ್ರ, ಹಣ್ಣಾಗಂಗಿಲ್ಲ," ಎಂದೆ.

"ತಿನ್ನೋರಿಗೆ ಆಮೇಲೆ ಗೊತ್ತಾಕ್ಕೈತಿ ಬೇಟಿ. ಅಷ್ಟೊತ್ತಿಗೆ ಹಣ್ಣು ಮಾರಿ ಹೋಗಿರ್ತೈತಿ."

ಇಷ್ಟು ಹೊತ್ತು ನನ್ನನ್ನು ಗದರುತ್ತಿದ್ದ ಜಂಬಕ್ಕ ಅವರ ಕಡೆ ತಿರುಗಿದಳು. "ನಿಮಗ ನಡೀತೈತ್ರಿ. ನಾವು ಮುಂದಿನ ವರ್ಷ ಕೂಡ್ಲಿಗಿ ಬಸ್‌ಸ್ಟ್ಯಾಂಡಿನ್ಯಾಗ ನಿಂದರಬೇಕು. ಈ ಗುಡ್ಡದ ಹಣ್ಣು ಅಂದ್ರ ಕಿಟಕ್ಯಾಗಿಂದ ಕೈ ಚಾಚ್ತಾರ ಜನ. ಕಲ್ಲು ಕೊಟ್ರ ಕಲ್ಲ ಒಗೀತಾರ." ಹೀಗೆಂದು ಬುಟ್ಟಿ ಬೋರಲು ಹಾಕಿ ಅದರ ಮೇಲೆ ಕೂತಳು. ನನ್ನ ಕಡೆ ನೋಡಿ, "ನಿನಗೋಸ್ಕರ ಅಲ್ಲ. ಕಾಲು ಬ್ಯಾನಿ," ಎಂದಳು.

ಆದರೂ ಏಳೆಂಟು ಜನ ಗುಜುಗುಜು ಶುರು ಮಾಡಿದರು. ಅಜ್ಜಿ ಬಿಟ್ಟಿತು ಅಂದಮೇಲೆ ಬಿಟ್ಟಿತು, ಕಟ್ಟಳೆ ಮುರಿದರೆ ಊರಿಗೆ ಒಳ್ಳೆಯದಲ್ಲ ಎಂದರು. ಒಬ್ಬಳು ಬಂಡೆಯ ಪಕ್ಕದಿಂದ ಮುಳ್ಳುಕಂಟಿಯಲ್ಲಿ ಹತ್ತಲು ಹೊರಟಳು.

"ನಿಲ್ರಿ," ಎಂದು ಕೆಳಗಿನಿಂದ ಕೇಳಿಸಿತು. ಅಜ್ಜಿ ಎದ್ದು ನಿಂತಿದ್ದಳು. ಕೋಲು ಎಲ್ಲೋ ಬಿದ್ದಿತ್ತು. "ನನಗ ಕಾಣ್ಸಂಗಿಲ್ಲ. ಎರಡು ವರ್ಷ ಆತು. ಹೋದ ವರ್ಷ ನೀವು ತಿಂದ ಹಣ್ಣು ನೋಡಿದಾಕಿ ಅಲ್ಲಿ ಕುಂತಾಳಲ್ಲ, ಆಕಿ. ಅದರ ಹಿಂದಿನ ವರ್ಷದ್ದೂ ಆಕಿನ."

ಎಲ್ಲರೂ ಒಟ್ಟಿಗೆ ಮಾತಾಡತೊಡಗಿದರು. ಎರಡು ವರ್ಷ ಊರಿಗೆ ಸುಳ್ಳು ಹೇಳಿದಿರಿ ಎಂದರು. ಮುದುಕಿಯೂ ಹುಡುಗಿಯೂ ಸೇರಿ ಆಟ ಆಡಿಸಿದರು ಎಂದರು. ಯಾರೂ ನನ್ನನ್ನು ಹೊಗಳಲಿಲ್ಲ. ಆದರೆ ಯಾರೂ ಗುಡ್ಡ ಹತ್ತಲೂ ಇಲ್ಲ. ಕಂಟಿಗೆ ಕೈ ಹಾಕಿದ್ದವಳು ಸೆರಗು ಬಿಡಿಸಿಕೊಂಡು ಇಳಿದಳು.

ಖಾಜಾಸಾಬರು ನನ್ನ ಮುಂದೆ ನಿಂತು, "ಎಷ್ಟು ದಿನ ಬೇಕು ಹೇಳು ಬೇಟಿ. ಆ ದಿನ ಬರ್ತೀನಿ," ಎಂದರು.

"ಗೊತ್ತಿಲ್ರಿ."

"ಹತ್ತು? ಹನ್ನೆರಡು?"

"ಬಿಸಿಲಿನ ಮ್ಯಾಲ ಐತಿ. ಒಂದು ಮಳಿ ಬಂದ್ರ ಬ್ಯಾರೆ. ಗೊತ್ತಿಲ್ಲದ್ದು ಹೆಂಗ ಹೇಳ್ಲಿ?"

ಅವರು ಟೋಪಿ ತೆಗೆದು ತಲೆ ಒರೆಸಿಕೊಂಡರು. "ಲಾರಿಗೆ ತಾರೀಕು ಬೇಕಾಕ್ಕೈತಿ. ಗೊತ್ತಿಲ್ಲ ಅಂದ್ರ ಲಾರಿ ಬರಂಗಿಲ್ಲ," ಎಂದು ಇಳಿದು ಹೋದರು. ಲಾರಿ ಖಾಲಿಯಾಗಿ ದಡಬಡ ಸದ್ದು ಮಾಡುತ್ತಾ ಹೋಯಿತು. ಅಣ್ಣ ಅದರ ಹಿಂದೆ ಸ್ವಲ್ಪ ದೂರ ನಡೆದು, ನಿಂತು, ಹೊಸ ಅಂಗಿಯ ತೋಳು ಮಡಚಿಕೊಂಡು ಹೊಲದ ಕಡೆ ತಿರುಗಿದ.

ಗುಡ್ಡ ಕಣ್ಣು ಬಿಟ್ಟದ್ದು ಹದಿನಾಲ್ಕನೆಯ ದಿನ. ನಡುವೆ ಒಂದು ಮಳೆ ಬಂದು ಹಿಟ್ಟನ್ನು ತೊಳೆದುಕೊಂಡು ಹೋಯಿತು. ಹದಿನಾಲ್ಕು ದಿನವೂ ನಾನು ನಸುಕಿನಲ್ಲಿ ಹತ್ತಿ ಇಳಿದೆ. ಮೊದಮೊದಲು ಯಾರೂ ಕೇಳಲಿಲ್ಲ. ಆರನೆಯ ದಿನ ಜಂಬಕ್ಕ ಕಸ ಗುಡಿಸುತ್ತಾ ತಲೆ ಎತ್ತದೆ, "ಏನಂತೈತಿ?" ಎಂದಳು. "ಜ್ವಾಳದಕಾಳು ಹಿಡಸ್ತತಿ," ಎಂದೆ. ಮರುದಿನ ಮೂರು ಮನೆಯವರು ಬಾಗಿಲಲ್ಲಿದ್ದರು. ಅಜ್ಜಿ ಹಾಸುಗಲ್ಲಿನ ಹತ್ತಿರ ಬರಲು ಒಪ್ಪಲಿಲ್ಲ. ಕಾಯಿ ನಾನೇ ಒಡೆದೆ. ಬೀಜ ಕಪ್ಪಗೆ ಮಿರಮಿರ ಮಿಂಚುತ್ತಿದ್ದವು.

ಎಲ್ಲವೂ ಸರಿಹೋಯಿತು ಎಂದು ಹೇಳಿದರೆ ಸುಳ್ಳಾಗುತ್ತದೆ. ಅಷ್ಟು ಹಣ್ಣು ಒಟ್ಟಿಗೆ ಬಂತು, ಲಾರಿ ಇರಲಿಲ್ಲ. ಮತ್ತೆ ಬುಟ್ಟಿ, ಮತ್ತೆ ಬಸ್ಸಿನ ಮೇಲು, ಮತ್ತೆ ಕಂಡಕ್ಟರನ ಬಾಯಿ. ಕೂಡ್ಲಿಗಿಯಲ್ಲಿ ಮಾರಿದೆವು, ಕೊಟ್ಟೂರಿಗೆ ಹೋಗಿ ಮಾರಿದೆವು. ಒಂದಿಷ್ಟು ಒಡೆದು ಇರುವೆ ಪಾಲಾಯಿತು. ಲಾರಿಗೆ ಹಾಕಿದ್ದರೆ ಈ ಗೋಳು ಇರುತ್ತಿರಲಿಲ್ಲ ಎಂದು ಅಂದವರಿದ್ದಾರೆ. ಅದೂ ನಿಜವೇ. ನಾನು ಅವರ ಹತ್ತಿರ ವಾದ ಮಾಡಲಿಲ್ಲ. ಮಾರುವಾಗ ಕೂಗಲು ನನಗೆ ಈಗಲೂ ಬರುವುದಿಲ್ಲ. ಹಣ್ಣನ್ನು ಎರಡು ಹೋಳು ಮಾಡಿ ಅಂಗೈಯಲ್ಲಿ ಹಿಡಿದು ಕಿಟಕಿಯ ಹತ್ತಿರ ನಿಲ್ಲುತ್ತೇನೆ.

ಅಣ್ಣ ಮಾರ್ನಮಿ ಕಳೆಯುವವರೆಗೂ ನನ್ನ ಜೊತೆ ಮಾತಾಡಲಿಲ್ಲ. ಒಂದು ಬೆಳಿಗ್ಗೆ ಅವ್ವ ಆಗಲೇ ಮುಂದೆ ಹೋಗಿದ್ದಳು, ಮನೆಯಲ್ಲಿ ಬುಟ್ಟಿ ಹೊರಿಸಲು ಬೇರೆ ಯಾರೂ ಇರಲಿಲ್ಲ. ತುಂಬಿದ ಬುಟ್ಟಿಯನ್ನು ಒಬ್ಬಳೇ ತಲೆಗೆ ಏರಿಸಲು ಆಗುವುದಿಲ್ಲ. ಅವನು ನೋಡುತ್ತಾ ಕೂತಿದ್ದ. ನಾನು ಕರೆಯಲಿಲ್ಲ, ಸಿಂಬೆ ಸುತ್ತಿ ತಲೆಯ ಮೇಲಿಟ್ಟುಕೊಂಡು ಬುಟ್ಟಿಯ ಮುಂದೆ ನಿಂತೆ. ಕಡೆಗೆ ಎದ್ದು ಬಂದು ಒಂದು ಕಡೆ ಹಿಡಿದ.

"ಹರಪನಹಳ್ಳ್ಯಾಗ ಸಾಬ್ರು ಸಿಕ್ಕಿದ್ರು," ಎಂದ. "ಮುಂದಿನ ವರ್ಷ ಯಾವ ದಿನ ಅಂತ ಕೇಳಿದ್ರು."

"ನೋಡಿ ಹೇಳ್ತೀನಿ."

"ಹದಿನೈದು ದಿನ ಮೊದಲ ಹೇಳ್ಬೇಕು. ಬೇಕಾದಾಗ ಬಿಡಾಕ ಅದೇನು ನಿನ್ನ ಗುಡ್ಡ ಅಲ್ಲ."

"ನನ್ನ ಗುಡ್ಡ ಅಲ್ಲ. ನನ್ನ ಲಾರಿನೂ ಅಲ್ಲ. ಕಣ್ಣು ಬಿಟ್ಟ ದಿನ ಹೇಳ್ತೀನಿ, ಬರೋದಾದ್ರ ಬರ್ಲಿ."

ಅವನ ಕೈ ಬುಟ್ಟಿಯ ಅಂಚಿನಲ್ಲೇ ಇತ್ತು. "ಬಾಯಿ ಬಂದೈತಿ ನಿನಗ," ಎಂದು ಗೊಣಗಿ, ಒಂದೇ ಸಲಕ್ಕೆ ಎತ್ತಿ ನನ್ನ ತಲೆಯ ಮೇಲಿಟ್ಟ. ಭಾರಕ್ಕೆ ಕತ್ತು ಒಂದಿಷ್ಟು ಒಳಗೆ ಹೋಯಿತು. ಸರಿಯಾಗಿ ನಿಂತುಕೊಂಡು, ಕೈ ಬಿಟ್ಟು, ರಸ್ತೆಯ ಕಡೆ ನಡೆದೆ. ಬಸ್ಸು ಬರುವ ಹೊತ್ತಾಗಿತ್ತು.